ಗಿಡಗಳ ಮೇಲೆ ನಾನು ಹೊರಿಸಿದ ಅಪವಾದ

ಕಳೆದ ಕಾರ್ತಿಕದಲ್ಲಿ ಧಾರವಾಡದ ಹಳೇ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಹಿಂದಿನಿಂದ ಯಾರೋ "ಸರ, ಆರಾಮ್ರಿ?" ಅಂದರು. ತಿರುಗಿ ನೋಡಿದರೆ ಗಡ್ಡ ಬಿಟ್ಟ ಎತ್ತರದ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದವನೇ. ನನಗೆ ಗುರುತು ಹತ್ತಲಿಲ್ಲ. ಅವನೇ ನೆನಪು ಮಾಡಿಕೊಟ್ಟ.

"ಗಿಡ ಗ್ಯಾಸ್ ಬಿಡ್ತಾವು, ಅದರಿಂದ ಭೂಮಿ ಕಾಯ್ತದ ಅಂತ ಪ್ರಾರ್ಥನಾ ಟೈಮಿನಾಗ ಹೇಳಿದ್ರಲ್ರಿ? ಆಮ್ಯಾಲೆ ಒಬ್ಬಾವ ಸಸಿ ಹಚ್ಚಂಗಿಲ್ಲ ಅಂತ ಹಟಾ ಹಿಡಿದು ಕುಂತಿದ್ದ. ಅವನಽ ನಾ."

ಈಗ ಅವನು ಹಾನಗಲ್ಲಿನ ಕಡೆ ನರ್ಸರಿ ಇಟ್ಟಿದ್ದಾನೆ. ಮಾವು, ಅಡಿಕೆ, ಸಾಗವಾನಿ ಸಸಿ ಮಾರುತ್ತಾನೆ. "ನಿಮ್ಮ ಮಾತು ಕೇಳಿದ್ರ ಉಪವಾಸ ಬೀಳ್ತಿದ್ದೆ ಸರ" ಅಂತ ನಕ್ಕ. ನಾನೂ ನಕ್ಕೆ. ಆದರೆ ಚಹಾ ಗಂಟಲಲ್ಲಿ ಸರಿಯಾಗಿ ಇಳಿಯಲಿಲ್ಲ.

ಆದದ್ದು ಇಷ್ಟು. 2006ರ ಜನವರಿ. ಆಗ ನಾನು ಹಾನಗಲ್ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ದಿನಾ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಪೇಪರಿನ ಒಂದು ಸುದ್ದಿ ಓದಿ ಹೇಳುವುದು ನನ್ನ ಪಾಳಿ. ಅವತ್ತು ಪೇಪರಿನಲ್ಲಿ, ಗಿಡಮರಗಳೂ ಭೂಮಿ ಕಾಯಿಸುವ ಮೀಥೇನ್ ಅನಿಲ ಬಿಡುತ್ತವೆ ಅಂತ ಜರ್ಮನಿಯ ವಿಜ್ಞಾನಿಗಳು ಕಂಡುಹಿಡಿದ ಸುದ್ದಿ ಇತ್ತು. ನಾನು ಅದನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಜುಲೈ ಬಂತು, ವನಮಹೋತ್ಸವ ಬಂತು. ಒಂಬತ್ತನೇ ಇಯತ್ತೆಯ ಈ ಹುಡುಗ ಸಸಿ ಮುಟ್ಟಲೇ ಇಲ್ಲ. ಹೆಡ್ ಮಾಸ್ತರು ಯಾಕೋ ಅಂದರೆ ನನ್ನ ಕಡೆ ಬೆರಳು ಮಾಡಿದ. "ಸರ ಹೇಳ್ಯಾರ್ರಿ." ಇಡೀ ಸ್ಟಾಫ್ ರೂಮು ಒಂದು ವಾರ ನನ್ನನ್ನು ಆಡಿಕೊಂಡಿತು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಹಾಗಾಗಿ ಅಪವಾದ ತುಳಸಿಯಿಂದ ಹಿಡಿದು ಹುಣಸೆಮರದ ತನಕ ಎಲ್ಲಕ್ಕೂ ತಟ್ಟಿತು.

ರಿಟೈರ್ ಆಗಿ ಎರಡು ವರ್ಷ. ಈಗ ಟೈಮು ಜಾಸ್ತಿ. ಆ ಹುಡುಗ ಸಿಕ್ಕ ಮೇಲೆ ಕೂತು ಓದಿದೆ, ಆ ಸುದ್ದಿಯ ಹಿಂದಿನ ಕಥೆ ಏನು, ಮುಂದೆ ಏನಾಯಿತು ಅಂತ. ಹತ್ತೊಂಬತ್ತು ವರ್ಷ ತಡವಾಗಿ ತಿದ್ದುಪಡಿ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳಬೇಕಂದರೆ, ಮೀಥೇನ್ ಕೆಸರಿನ ಕೂಸು. ನೀರು ನಿಂತ ಕಡೆ ಮಣ್ಣಿಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ರಾಡಿಯಲ್ಲಿ ಬಾಳುವ ಒಂದು ಜಾತಿಯ ಸೂಕ್ಷ್ಮಜೀವಿಗಳಿವೆ. ಆಮ್ಲಜನಕ ಕಂಡರೆ ಅವಕ್ಕೆ ಆಗುವುದಿಲ್ಲ. ಕೊಳೆತ ಹುಲ್ಲು, ಎಲೆ, ಸೆಗಣಿಯನ್ನು ಬೇರೆ ಜೀವಿಗಳು ಮುರಿದು ಕೊಟ್ಟಿದ್ದನ್ನು ಇವು ಕೊನೆಗೆ ಮೀಥೇನ್ ಮಾಡುತ್ತವೆ. ಗೋಬರ್ ಗ್ಯಾಸ್ ಅಂದರೂ ಇದೇ. 1980ರ ದಶಕದಲ್ಲಿ ನಮ್ಮ ಹಿತ್ತಿಲಿನಲ್ಲಿ ಅಪ್ಪ ಅದನ್ನು ಕಟ್ಟಿಸಿದ್ದರು. ಕಬ್ಬಿಣದ ಡ್ರಮ್ಮು ಬೆಳಿಗ್ಗೆ ಮೇಲೆ ಎದ್ದಿರುತ್ತಿತ್ತು, ಅಡುಗೆ ಮುಗಿಯುವಷ್ಟರಲ್ಲಿ ಕೆಳಗೆ ಇಳಿದಿರುತ್ತಿತ್ತು. ಅವ್ವನ ಕಣ್ಣೀರು ನಿಂತದ್ದು ಅದರಿಂದ. ಅಲ್ಲಿಯ ತನಕ ಅವಳು ದಿನಕ್ಕೆ ಎರಡು ಹೊತ್ತು ಹಸಿ ಕಟ್ಟಿಗೆಯ ಹೊಗೆ ಕುಡಿದವಳು.

ಹಾಗಾದರೆ ಜರ್ಮನಿಯವರು ಕಂಡದ್ದು ಏನು? ಹೈಡೆಲ್‌ಬರ್ಗಿನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯಲ್ಲಿದ್ದ ಫ್ರಾಂಕ್ ಕೆಪ್ಲರ್ ಮತ್ತು ಜೊತೆಯವರು ಎಲೆಗಳನ್ನು, ಗಿಡಗಳನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಅಳೆದರು. ಕೆಸರಿಲ್ಲ, ಗಾಳಿ ಬೇಕಾದಷ್ಟಿದೆ. ಆದರೂ ಮೀಥೇನ್ ಸಿಕ್ಕಿತು. ಬಿಸಿ ಏರಿದಷ್ಟೂ, ಬಿಸಿಲು ಬಿದ್ದಷ್ಟೂ ಜಾಸ್ತಿ. ಇದನ್ನು ಜಗತ್ತಿನ ಎಲ್ಲ ಹಸಿರಿಗೂ ಗುಣಿಸಿ, ವರ್ಷಕ್ಕೆ 6.2 ಕೋಟಿಯಿಂದ 23.6 ಕೋಟಿ ಟನ್ ಅಂತ ಲೆಕ್ಕ ಕೊಟ್ಟರು. ಜಗತ್ತಿನಲ್ಲಿ ವರ್ಷಕ್ಕೆ ಹೊರಬರುವ ಒಟ್ಟು ಮೀಥೇನ್ ಸುಮಾರು 60 ಕೋಟಿ ಟನ್ ಇರುವಾಗ ಇದು ಸಣ್ಣ ಮಾತಲ್ಲ. ಪೇಪರುಗಳು ಕುಣಿದಾಡಿದವು. ನಾನೂ ಕುಣಿದೆ. ಒಂದೇ ವಾರದಲ್ಲಿ ಆ ಸಂಸ್ಥೆಯೇ, ತಪ್ಪು ಗಿಡಗಳದ್ದಲ್ಲ, ಕಾಡು ಕಡಿಯಬೇಡಿ ಅಂತ ಸ್ಪಷ್ಟನೆ ಕೊಟ್ಟಿತ್ತಂತೆ. ಅದನ್ನು ಓದಿ ಹೇಳುವ ಪಾಳಿ ಯಾರದ್ದೂ ಇರಲಿಲ್ಲ.

2007ರಲ್ಲಿ ನೆದರ್ಲೆಂಡ್ಸಿನ ಒಂದು ತಂಡ ಬೇರೆ ಉಪಾಯ ಮಾಡಿತು. ಇಂಗಾಲದಲ್ಲಿ ಸ್ವಲ್ಪ ತೂಕದ ಜಾತಿ ಒಂದಿದೆ, ಇಂಗಾಲ-13 ಅಂತ. ಬರೀ ಅದರಲ್ಲೇ ಗಿಡ ಬೆಳೆಸಿದರು. ಅಂದರೆ ಗಿಡಕ್ಕೇ ಗುರುತು ಹಾಕಿದ ಹಾಗೆ, ನಮ್ಮವರು ಕುರಿಗೆ ಬಣ್ಣ ಹಚ್ಚುವುದಿಲ್ವಾ ಹಾಗೆ. ಹೊರಗೆ ಬರುವ ಮೀಥೇನಿಗೂ ಅದೇ ಗುರುತಿದ್ದರೆ ಅದು ಗಿಡದ್ದು. ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. 2009ರಲ್ಲಿ ಇನ್ನೊಂದು ತಂಡ, ಬೇರು ನೀರು ಎಳೆಯುವಾಗ ಆ ನೀರಿನಲ್ಲಿ ಕರಗಿದ ಮಣ್ಣಿನ ಮೀಥೇನೂ ಮೇಲೇರಿ ಎಲೆಯಿಂದ ಹೊರಗೆ ಹೋಗುತ್ತದೆ ಅಂತ ತೋರಿಸಿತು. ಹಾಗಂತ ಕೆಪ್ಲರ್ ಪೂರ್ತಿ ಸುಳ್ಳಾಗಲಿಲ್ಲ. ಎಲೆಯ ಪೆಕ್ಟಿನ್ ಮೇಲೆ ನೇರಳಾತೀತ ಕಿರಣ ಬಿದ್ದರೆ ಮೀಥೇನ್ ಹುಟ್ಟುತ್ತದೆ ಅಂತ 2008ರಲ್ಲಿ ಗೊತ್ತಾಯಿತು. ಪೆಕ್ಟಿನ್ ಅಂದರೆ ಪೇರಲ ಹಣ್ಣಿನ ಜೆಲ್ಲಿ ಗಟ್ಟಿಯಾಗಿ ನಿಲ್ಲುವುದಕ್ಕೆ ಕಾರಣ ಆಗುತ್ತದಲ್ಲ, ಅದೇ. ಆದರೆ ಆ ದಾರಿಯಲ್ಲಿ ಬರುವುದು, ಆಮೇಲಿನ ಲೆಕ್ಕದ ಪ್ರಕಾರ, ಜಗತ್ತಿಗೆಲ್ಲ ಸೇರಿ ವರ್ಷಕ್ಕೆ 10 ಲಕ್ಷ ಟನ್ನಿನ ಒಳಗೆ. ಕೋಟಿಗಳ ಮಾತು ಎಲ್ಲಿ, ಇದೆಲ್ಲಿ.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಸಂಕ್ರಾಂತಿಗೆ ಊರಿಗೆ ಹೋದೆ. ಹಾನಗಲ್ಲಿನ ಹತ್ತಿರ ನಮ್ಮದೊಂದು ಹಳ್ಳಿ. ಹೊಲ ಮನೆ ಎಲ್ಲ ಅಣ್ಣನೇ ನೋಡುತ್ತಾನೆ. ಊಟ ಆದ ಮೇಲೆ ಅಣ್ಣನ ಮೊಮ್ಮಗನನ್ನು ಕರೆದುಕೊಂಡು ಕೆರೆಗೆ ಹೋದೆ. ಅವನು ಆರನೇ ಇಯತ್ತೆ, ನನಗೆ ಸಣ್ಣಜ್ಜ ಅನ್ನುತ್ತಾನೆ. ಇಟಲಿಯ ವೋಲ್ಟಾ ಅಂತ, ಕರೆಂಟಿನ ವೋಲ್ಟಿಗೆ ಹೆಸರು ಕೊಟ್ಟವನು, 1776ರಲ್ಲಿ ಮಜ್ಜೋರೆ ಎಂಬ ಸರೋವರದ ದಂಡೆಯಲ್ಲಿ ಕೆಸರು ಕೆದಕಿ ಗುಳ್ಳೆ ಹಿಡಿದು ಅದಕ್ಕೆ ಬೆಂಕಿ ಹಚ್ಚಿದ್ದ. ನಮ್ಮ ಕೆರೆಯಲ್ಲೂ ಮಾಡಿ ನೋಡೋಣ ಅಂತ ನನ್ನ ಆಸೆ. ಮೂವತ್ತು ವರ್ಷ ಪಾಠ ಹೇಳಿದೆ, ಒಮ್ಮೆಯೂ ಮಾಡಿ ತೋರಿಸಿರಲಿಲ್ಲ.

ಗಾಜಿನ ಬಾಟಲಿ ತುಂಬ ಕೆರೆ ನೀರು. ಅದರ ಬಾಯಿಗೆ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಎಣ್ಣೆ ಸುರಿಯುವ ಲಾಳಿಕೆ. ನೀರಿನೊಳಗೇ ಬೋರಲು ಹಿಡಿದೆ. ಹುಡುಗ ಪಕ್ಕದಲ್ಲಿ ನಿಂತು ಕೋಲಿನಿಂದ ಕೆಸರು ಚುಚ್ಚಿದ. ಮೊದಲು ಕಪ್ಪು ರಾಡಿ ಎದ್ದಿತು. ಆಮೇಲೆ ಗುಳು ಗುಳು ಅಂತ ಗುಳ್ಳೆ. ಒಂದೊಂದೇ ಲಾಳಿಕೆಯೊಳಗೆ ಹೊಕ್ಕು ಬಾಟಲಿಯ ತಳಕ್ಕೆ, ಅಂದರೆ ಈಗ ಮೇಲಿರುವ ತಳಕ್ಕೆ ಹೋಗಿ ಕೂತವು. ನೀರು ಕೆಳಗೆ ಇಳಿಯಿತು. ಮುಕ್ಕಾಲು ಗಂಟೆ ಬೇಕಾಯಿತು. ನನ್ನ ಧೋತರ ಮೊಳಕಾಲ ತನಕ ಕೆಸರು. ನೀರೊಳಗೇ ಬೆರಳಿನಿಂದ ಬಾಯಿ ಮುಚ್ಚಿ, ಬಿರಡೆ ಹಾಕಿ ತಂದೆವು. ಕತ್ತಲಾದ ಮೇಲೆ ಹಿತ್ತಿಲಿನಲ್ಲಿ ಬಿರಡೆ ತೆಗೆದು ಕಡ್ಡಿ ಗೀರಿದೆ. ನೀಲಿ ಉರಿ. ಒಮ್ಮೆ ಭಪ್ ಅಂತು, ಎರಡು ಸೆಕೆಂಡು ಬಾಯಲ್ಲಿ ಆಡಿತು, ಹೋಯಿತು. ನನ್ನ ಬೆರಳಿನ ಕೂದಲು ಸುಟ್ಟ ವಾಸನೆ ಮಾತ್ರ ಉಳಿಯಿತು.

"ಇಷ್ಟನಽ, ಸಣ್ಣಜ್ಜಾ?" ಅಂದ ಹುಡುಗ. ಅವನು ದೀಪಾವಳಿ ಲೆಕ್ಕದಲ್ಲಿದ್ದ. (ಮಕ್ಕಳನ್ನು ಕಟ್ಟಿಕೊಂಡು ಇದನ್ನು ಮಾಡುವವರು ಪ್ಲಾಸ್ಟಿಕ್ ಬಾಟಲಿ ತಗೋಬೇಡಿ, ಮುಖ ದೂರ ಇಟ್ಟುಕೊಳ್ಳಿ.)

ಮರುದಿನ ಅಣ್ಣನ ಭತ್ತದ ಗದ್ದೆ. ಈಗ ಬೋರ್ ನೀರಿನಲ್ಲಿ ಬೇಸಿಗೆಗೂ ಒಂದು ಬೆಳೆ ನಾಟಿ ಮಾಡುತ್ತಾನೆ. ಹಿಂದಿನ ಬೆಳೆಯ ಕೂಳೆಯಿಂದ ತಡವಾಗಿ ಚಿಗುರಿದ ಒಂದು ದಂಟನ್ನು ಕಿತ್ತು ಬ್ಲೇಡಿನಿಂದ ಅಡ್ಡ ಕೊಯ್ದು ಹುಡುಗನಿಗೆ ತೋರಿಸಿದೆ. ಸುತ್ತಲೂ ಸಣ್ಣ ಸಣ್ಣ ತೂತು. ಭತ್ತ ನೀರಲ್ಲಿ ನಿಂತು ಬದುಕುವುದು ಇದರಿಂದ. ಎಲೆಯಿಂದ ಬೇರಿಗೆ ಗಾಳಿ ಇಳಿಯುವ ಕೊಳವೆ ಅವು. ಗಾಳಿ ಇಳಿಯುವ ದಾರಿಯಲ್ಲೇ ಕೆಸರಿನ ಮೀಥೇನ್ ಮೇಲೆ ಹತ್ತುತ್ತದೆ. ನೀರು ನಿಂತ ಗದ್ದೆಯಿಂದ ಹೊರಬರುವ ಮೀಥೇನಿನಲ್ಲಿ ನೂರಕ್ಕೆ ತೊಂಬತ್ತರ ತನಕ ಈ ದಂಟಿನ ದಾರಿಯಲ್ಲೇ ಹೋಗುತ್ತದೆ, ಗುಳ್ಳೆಯಾಗಿ ಅಲ್ಲ. ಎಲೆಯ ಹತ್ತಿರ ಮೀಟರ್ ಹಿಡಿದವನು ಭತ್ತವೇ ಬಿಡುತ್ತಿದೆ ಅಂತ ಬರೆದುಕೊಳ್ಳುತ್ತಾನೆ. ನಮ್ಮ ಹಳೇ ಮನೆಯ ಅಡುಗೆಮನೆಯಲ್ಲಿ ಬೆಳಕಿಂಡಿ ಇತ್ತು. ಅವ್ವನ ಒಲೆಯ ಹೊಗೆ ಅಲ್ಲಿಂದ ಹೋಗುತ್ತಿತ್ತು. ಹೊಗೆ ಬಂತು ಅಂತ ಬೆಳಕಿಂಡಿಗೆ ಬೈದರೆ ಹೇಗೆ? ನಾನು 2006ರಲ್ಲಿ ಮಾಡಿದ್ದು ಅದನ್ನೇ.

ಮರಗಳದ್ದೂ ಇದೇ ಕಥೆ, ಆದರೆ ಅದಕ್ಕೊಂದು ತಿರುವು ಇದೆ. ಅಮೆಜಾನಿನ ನೆರೆ ನಿಲ್ಲುವ ಕಾಡಿನಲ್ಲಿ 2,300ಕ್ಕೂ ಹೆಚ್ಚು ಮರಗಳ ಬೊಡ್ಡೆ ಅಳೆದರು. 2017ರಲ್ಲಿ ಲೆಕ್ಕ ಬಂತು, ಆ ಮರಗಳ ಮೂಲಕ ವರ್ಷಕ್ಕೆ 1.5ರಿಂದ 2 ಕೋಟಿ ಟನ್. ಬುಡದಲ್ಲಿ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಕೆಸರಿನಿಂದ ಬಂದದ್ದು ಅಂತ ಅದರಲ್ಲೇ ಗೊತ್ತಾಗುತ್ತದಲ್ವಾ. ಅದೇ ಕೆಲಸದಲ್ಲಿದ್ದ ಬ್ರಿಟನ್ನಿನ ವಿನ್ಸೆಂಟ್ ಗೌಸಿ ಮತ್ತು ಸಂಗಡಿಗರು ಆಮೇಲೆ ನೀರು ನಿಲ್ಲದ ಒಣ ನೆಲದ ಮರಗಳಿಗೆ ಹೋದರು. ಅಮೆಜಾನ್, ಪನಾಮಾ, ಇಂಗ್ಲೆಂಡ್, ಸ್ವೀಡನ್. 2024ರ ಜುಲೈನಲ್ಲಿ ಫಲಿತಾಂಶ ಬಂತು. ಅಲ್ಲಿ ಬುಡದ ಹತ್ತಿರ ಸ್ವಲ್ಪ ಮೀಥೇನ್ ಹೊರಗೆ ಬರುತ್ತದೆ. ಆದರೆ ಸುಮಾರು ಎರಡು ಮೀಟರ್ ಎತ್ತರ ದಾಟಿದರೆ ಲೆಕ್ಕ ತಿರುಗುತ್ತದೆ. ತೊಗಟೆಯ ಮೇಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಮೀಥೇನನ್ನೇ ತಿನ್ನುತ್ತವೆ. ಜಗತ್ತಿನ ಮರಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 2.5ರಿಂದ 5 ಕೋಟಿ ಟನ್ ಹೀಗೆ ನುಂಗುತ್ತವೆ ಅಂತ ಅವರ ಅಂದಾಜು. ಒಣ ಮಣ್ಣು ತಾನೇ ತಿನ್ನುವುದು ಹೆಚ್ಚೂಕಡಿಮೆ 3 ಕೋಟಿ ಟನ್. ಅಂದರೆ ಮಣ್ಣಿನ ಕೆಲಸಕ್ಕೆ ಸರಿಸಮ, ಇಲ್ಲಾ ಅದಕ್ಕಿಂತ ಜಾಸ್ತಿ.

ಇದನ್ನು ಓದಿದಾಗ ನನಗೆ ಆ ಹುಡುಗ ಸಸಿ ಮುಂದೆ ಕೈ ಕಟ್ಟಿ ನಿಂತದ್ದು ಕಣ್ಣಿಗೆ ಬಂತು. ಅವನ ಕೈಯಿಂದ ನಾನು ಕಸಿದದ್ದು ಮೀಥೇನ್ ತಿನ್ನುವ ಗಿಡವನ್ನು.

ಮಣ್ಣಿನ ಮಾತು ಬಂತಲ್ಲ. ನಮ್ಮ ಅಪ್ಪನ ಕಾಲದಲ್ಲಿ ಹಾನಗಲ್, ಕಲಘಟಗಿ, ಧಾರವಾಡದ ಪಡುವಣ ಸೆರಗಿನಲ್ಲಿ ಭತ್ತಕ್ಕೆ ನಾಟಿ ಕಡಿಮೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಕೂಡಲೇ ಒಣ ಹೊಲಕ್ಕೇ ಕೂರಿಗೆ ಹೂಡಿ ಬಿತ್ತುವುದು. ಸಾಲಿನ ನಡುವೆ ಎಡೆ ಹೊಡೆಯುವುದು. ಆಷಾಢ ಶ್ರಾವಣದ ಮಳೆ ಹೊಡೆದ ಮೇಲೆ ಗದ್ದೆಯಲ್ಲಿ ನೀರು ನಿಂತರೆ ನಿಂತಿತು. ಆ ಮೊದಲ ವಾರಗಳಲ್ಲೆಲ್ಲ ಮಣ್ಣಿಗೆ ಗಾಳಿ ಆಡುತ್ತಿತ್ತು. ಮೀಥೇನ್ ಮಾಡುವವು ಸುಮ್ನೆ ಬಿದ್ದಿರುತ್ತಿದ್ದವು, ತಿನ್ನುವವು ಕೆಲಸ ಮಾಡುತ್ತಿದ್ದವು. ಅಪ್ಪ ಏನು ಹವಾಮಾನ ಉಳಿಸಲು ಹಾಗೆ ಮಾಡಿದ್ದಲ್ಲ. ನೀರಿರಲಿಲ್ಲ, ಅಷ್ಟೇ. ಆಮೇಲೆ ಸುತ್ತಲೂ ಗೋವಿನಜೋಳ ಬಂತು, ನೀರಿದ್ದವರು ಅಡಿಕೆಗೆ ಹೋದರು. ಗೋವಿನಜೋಳದ ಹೊಲದಲ್ಲಿ ಕೆಸರಿಲ್ಲ, ಆದರೆ ಯೂರಿಯಾ ಚೀಲಗಟ್ಟಲೆ. ಯೂರಿಯಾದಿಂದ ಬರುವ ಅಮೋನಿಯಂ ಮಣ್ಣಿನ ಮೀಥೇನ್ ತಿನ್ನುವ ಜೀವಿಗಳ ಹಸಿವು ಕೆಡಿಸುತ್ತದೆ. ಇತ್ತ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ, ಅದೂ ಭೂಮಿ ಕಾಯಿಸುವ ಅನಿಲವೇ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ, ನಮ್ಮ ಹಂಚಿನ ಮನೆಯ ಹಾಗೆ.

ಬೇಸಿಗೆ ಭತ್ತದಲ್ಲಾದರೂ ನೀರನ್ನು ಆಗಾಗ ಆರಲು ಬಿಡೋಣ ಅಂತ ಅಣ್ಣನಿಗೆ ಹೇಳಿದೆ. ಇದು ನನ್ನ ಉಪಾಯ ಅಲ್ಲ, ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹಬ್ಬಿಸಿದ್ದು. ಒಂದು ಅಡಿಯ ಪಿವಿಸಿ ಪೈಪಿಗೆ ತೂತು ಕೊರೆದು ಗದ್ದೆಯಲ್ಲಿ ಹುಗಿಯಬೇಕು, ಒಳಗಿನ ಮಣ್ಣು ತೆಗೆಯಬೇಕು. ಒಳಗೆ ನೀರು ಎಲ್ಲಿದೆ ಅಂತ ಬಗ್ಗಿ ನೋಡಬೇಕು. ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಮತ್ತೆ ನೀರು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಆರಲು ಬಿಡಬಾರದು. ಹೀಗೆ ಮಾಡಿದ ಗದ್ದೆಗಳಲ್ಲಿ ಮೀಥೇನ್ ಸುಮಾರು ಮೂರನೇ ಒಂದರಿಂದ ಅರ್ಧದ ತನಕ ಇಳಿದದ್ದಿದೆ.

ಅಣ್ಣ ಕೇಳಿಸಿಕೊಂಡ. ಎಲಡಿಕೆ ಹಾಕಿಕೊಂಡ. "ಕರೆಂಟಿಗೆ ರೊಕ್ಕಾ ಇಲ್ಲ. ಬೋರ್ ನಂದು. ನೀರು ಉಳಿಸಿ ನಾ ಯಾರಿಗೆ ಕೊಡ್ಲಿ?" ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಪುಕ್ಕಟೆ. ನೀರು ಉಳಿಸಿದವನ ಕೈಗೆ ಬಿಡಿಗಾಸೂ ಬರುವುದಿಲ್ಲ. ವೈನಿ ನಡುವೆ ಬಾಯಿ ಹಾಕಿದರು. "ಹೋದ ಏಪ್ರಿಲ್‌ದಾಗ ಬೋರ್ ಬರೀ ಗಾಳಿ ಉಗುಳ್ತಿತ್ತಲ್ಲ, ಅದು ನೆನಪಿಲ್ಲೇನು?" ಆ ಒಂದು ಮಾತಿನ ಮೇಲೆ ಹತ್ತು ಗುಂಟೆ ಸಿಕ್ಕಿತು.

ಪೈಪ್ ನಾನೇ ಮಾಡಿದೆ. ಬೋರಿನ ಹಳೇ ತುಂಡು, ಕಾಸಿದ ಮೊಳೆಯಿಂದ ತೂತು. ಆ ಪ್ಲಾಸ್ಟಿಕ್ ಹೊಗೆ ಕುಡಿದು ಅರ್ಧ ದಿನ ತಲೆನೋವು. ಬೆಳೆ ಚೆನ್ನಾಗಿಯೇ ಬಂತು. ಪಕ್ಕದ ಗದ್ದೆಗೆ ಹೋಲಿಸಿದರೆ ಇಳುವರಿಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ, ಮೋಟರ್ ಓಡಿದ್ದು ಕಡಿಮೆ. ಆದರೆ ನೆಲ ಆರಿದಾಗ ಕಳೆ ಎದ್ದಿತು. ನೀರು ನಿಂತಿದ್ದರೆ ಸತ್ತೇ ಹೋಗುತ್ತಿದ್ದ ಕಳೆ. ಎರಡು ಸಲ ಆಳು ಹಚ್ಚಬೇಕಾಯಿತು. ಆ ಕೂಲಿ ಲೆಕ್ಕವನ್ನು ಅಣ್ಣ ನನಗೆ ಫೋನಿನಲ್ಲಿ ಮೂರು ಬಾರಿ ಓದಿ ಹೇಳಿದ್ದಾನೆ.

ಇಷ್ಟೆಲ್ಲ ಯಾಕೆ, ಮೀಥೇನ್ ಉಸಿರಾಡಿದರೆ ನಮಗೇನು ಆಗುತ್ತದೆ ಅಂತ ವೈನಿ ಕೇಳಿದರು. ಬಯಲಲ್ಲಿ ನೇರವಾಗಿ ಏನೂ ಇಲ್ಲ. ಗಾಳಿಯಲ್ಲಿ ಬಿಸಿಲಿಗೆ ಅದು ಬೇರೆ ಅನಿಲಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಆಗಲು ದಾರಿ ಮಾಡುತ್ತದೆ. ಮೇಲಿನ ಓಝೋನ್ ಕೊಡೆ, ಕೆಳಗಿನ ಓಝೋನ್ ಎದೆಗೆ ಖಾರ. ನಮ್ಮ ಮನೆಯವರಿಗೆ ದಮ್ಮು ಇರುವುದರಿಂದ ಈ ಭಾಗ ನಾನು ಎರಡು ಸಲ ಓದಿದೆ. 2021ರ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಪ್ರಕಾರ, ಮನುಷ್ಯರು ಹುಟ್ಟಿಸುವ ಮೀಥೇನನ್ನು 2030ರೊಳಗೆ ನೂರಕ್ಕೆ 45ರಷ್ಟು ಇಳಿಸಿದರೆ ವರ್ಷಕ್ಕೆ 2.5 ಲಕ್ಷಕ್ಕೂ ಹೆಚ್ಚು ಅಕಾಲ ಸಾವು ತಪ್ಪುತ್ತವೆ, ದಮ್ಮಿಗಾಗಿ ಆಸ್ಪತ್ರೆಗೆ ಓಡುವುದು 7.75 ಲಕ್ಷ ಸಲ ಕಡಿಮೆಯಾಗುತ್ತದೆ. ಓಝೋನ್ ಬೆಳೆಯನ್ನೂ ತಿನ್ನುತ್ತದೆ, ಆ ಲೆಕ್ಕ ವರ್ಷಕ್ಕೆ ಸುಮಾರು 2.5 ಕೋಟಿ ಟನ್. ಮೀಥೇನ್ ಗಾಳಿಯಲ್ಲಿ ಇರುವುದು ಸುಮಾರು ಹತ್ತು ಹನ್ನೆರಡು ವರ್ಷ ಮಾತ್ರ. ಇಂಗಾಲದ ಡೈಆಕ್ಸೈಡಿನ ಹಾಗೆ ಮೊಮ್ಮಕ್ಕಳ ಕಾಲಕ್ಕೂ ಕೂತಿರುವುದಿಲ್ಲ. ಇವತ್ತು ಇಳಿಸಿದರೆ ನನ್ನ ವಯಸ್ಸಿನವನೂ ಫಲ ನೋಡಬಹುದು.

ಗದ್ದೆ ಆರಿಸುವುದಕ್ಕೆ ತಟ್ಟೆಯ ಅನ್ನದ ಜೊತೆಗೂ ನಂಟಿದೆ. ನೀರು ನಿಂತ ಮಣ್ಣಿನಲ್ಲಿ ಆರ್ಸೆನಿಕ್ ಎಂಬ ವಿಷ ಸಡಿಲಾಗಿ ಭತ್ತಕ್ಕೆ ಏರುತ್ತದೆ. ಬಾಂಗ್ಲಾದೇಶ, ಬಂಗಾಳದ ಕಡೆ ಇದು ದೊಡ್ಡ ತಲೆನೋವು. ಆರಿಸಿದರೆ ಆರ್ಸೆನಿಕ್ ಇಳಿಯುತ್ತದೆ. ಆದರೆ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷ ಇದ್ದರೆ ಅದು ಏರುತ್ತದೆ. ಮತ್ತೆ ಅದೇ ಹಂಚಿನ ಮನೆ.

ಊಟದ ಹೊತ್ತಿಗೆ ಇನ್ನೊಂದು ಮಾತು ಹೇಳಿದೆ. ಮನುಷ್ಯರಲ್ಲಿ ಸುಮಾರು ಮೂವರಿಗೊಬ್ಬರ ಉಸಿರಿನಲ್ಲಿ ಎದ್ದು ಕಾಣುವಷ್ಟು ಮೀಥೇನ್ ಇರುತ್ತದೆ, ಕರುಳಿನಲ್ಲಿ ಅದೇ ಕೆಸರಿನ ಜಾತಿಯ ಜೀವಿಗಳು ಇರುತ್ತವೆ ಅಂತ. ಅಂಥವರಲ್ಲಿ ಮಲಬದ್ಧತೆ ಜಾಸ್ತಿ ಅಂತಲೂ ವೈದ್ಯರು ಕಂಡಿದ್ದಾರೆ. ಅದೇ ಕೆಪ್ಲರ್ ಆಮೇಲೆ, ಅಂಥ ಜೀವಿಗಳು ಕಡಿಮೆ ಇರುವವರೂ ಚೂರುಪಾರು ಬಿಡುತ್ತಾರೆ ಅಂದ. 2022ರಲ್ಲಿ ಅವನ ತಂಡವೇ, ಜೀವಕೋಶದೊಳಗಿನ ಚುರುಕು ಆಮ್ಲಜನಕದ ಕಣಗಳಿಂದ ಎಲ್ಲ ಜೀವಿಗಳಲ್ಲೂ ಒಂದಿಷ್ಟು ಮೀಥೇನ್ ಹುಟ್ಟುತ್ತದೆ ಅಂತ ಬರೆಯಿತು. ಹದಿನಾರು ವರ್ಷ ಬೈಗುಳ ತಿಂದರೂ ಮನುಷ್ಯ ಬಿಡಲಿಲ್ಲ ನೋಡಿ, ನನಗೆ ಇದು ಸೇರಿತು. ವೈನಿ ಮಾತ್ರ ರೊಟ್ಟಿ ತಟ್ಟುವುದು ಬಿಟ್ಟು ಅಣ್ಣನ ಕಡೆ ನೋಡಿ, "ಮೂವರಿಗೊಬ್ಬರಂತ. ನಮ್ಮನ್ಯಾಗ ಯಾರಂತ ನನಗ ಗೊತ್ತೈತಿ" ಅಂದರು.

ನರ್ಸರಿ ಹುಡುಗನಿಗೆ ಫೋನು ಮಾಡಿ ಇದಿಷ್ಟನ್ನೂ ಒಪ್ಪಿಸಿದೆ. ಅವನು ತಾಳ್ಮೆಯಿಂದ ಕೇಳಿದ. "ಅಂದ್ರ ಮಣ್ಣಾಗ ಗಾಳಿ ಆಡಬೇಕು, ಅಷ್ಟಽ ಹೌದಲ್ರಿ? ಸಸಿ ಚೀಲಕ್ಕ ತೂತು ಹಾಕೋದು ನಮಗ ಮೊದಲಽ ಗೊತ್ತಿತ್ತು ಸರ" ಅಂದ.

ಈಗ ಊರಲ್ಲಿ ಮಳೆ ಹಿಡಿದಿದೆ. ಮುಂಗಾರಿ ಭತ್ತದ ನೀರು ಯಾರ ಮಾತೂ ಕೇಳುವುದಿಲ್ಲ, ಒಡ್ಡಿನ ತನಕ ನಿಂತಿದೆಯಂತೆ. ನನ್ನ ಪೈಪನ್ನು ಅಣ್ಣ ಕಿತ್ತಿಲ್ಲ. ನಿನ್ನೆ ಮೊಮ್ಮಗನ ಕೈಯಲ್ಲಿ ಫೋಟೋ ಕಳಿಸಿದ. ಪೈಪಿನ ಬಾಯಲ್ಲಿ ಒಂದು ಕಪ್ಪೆ, ತಲೆ ಮಾತ್ರ ಹೊರಗೆ. ಕೆಳಗೆ ಬರೆದಿತ್ತು: "ನಿನ್ನ ಮೀಟರ್ ಚಾಲೂ ಐತಿ."